ಲೇಬಲ್ ಮೇಲಿನ ಮೂರನೇ ಹೆಸರು

ಕೇಳುಗರಿಗೆ ನಮಸ್ಕಾರ. ಬಾನುಲಿಯಲ್ಲೇ ಕೂತು ಬಾನುಲಿಯ ಕೊಳಕು ಹೇಳುವುದು ತುಸು ಮುಜುಗರವೇ. ಆದರೂ ಹೇಳಬೇಕು.

1955ರಲ್ಲಿ ಶಿಕಾಗೊದ ಚೆಸ್ ಎಂಬ ರೆಕಾರ್ಡ್ ಕಂಪನಿ, ರಾಕ್ ಆ್ಯಂಡ್ ರೋಲ್ ಗಾಯಕ ಚಕ್ ಬೆರ್ರಿ ಅವರ ‘ಮೇಬಲೀನ್’ ರೆಕಾರ್ಡನ್ನು ಹೊರತಂದಿತು. ‘ಐಡಾ ರೆಡ್’ ಎಂಬ ಹಳೆಯ ಜನಪದ ಧಾಟಿಯ ಜಾಡಿನಲ್ಲಿ ಬೆರ್ರಿ ಕಟ್ಟಿದ ಹಾಡು ಅದು. ಆದರೆ ರಚನಕಾರರೆಂದು ಲೇಬಲ್ ಮೇಲೆ ಇನ್ನಿಬ್ಬರ ಹೆಸರೂ ಸೇರಿಕೊಂಡಿತು. ಒಬ್ಬರು ಕಂಪನಿಯೊಡನೆ ವ್ಯವಹಾರವಿದ್ದ ರಸ್ ಫ್ರಾಟೊ. ಇನ್ನೊಬ್ಬರು ನ್ಯೂಯಾರ್ಕ್ ಬಾನುಲಿಯ ಹೆಸರಾಂತ ನಿರೂಪಕ ಆ್ಯಲನ್ ಫ್ರೀಡ್. ಹಾಡು ಕಟ್ಟಿದ್ದರಲ್ಲಿ ಇಬ್ಬರ ಕೈಯೂ ಇರಲಿಲ್ಲ.

ಫ್ರೀಡ್ ಹೆಸರು ಸೇರಿದ್ದು, ಹಾಡನ್ನು ಬಾನುಲಿಯಲ್ಲಿ ಹಾಕಲೆಂದು ಕೊಟ್ಟ ಲಂಚವಾಗಿ. ದುಡ್ಡಿನ ಬದಲು ಹೆಸರು ಯಾಕೆ? ಲೆಕ್ಕ ಹಾಕಿ ನೋಡಿ. 1909ರ ಕಾಪಿರೈಟ್ ಕಾಯ್ದೆಯಂತೆ ರೆಕಾರ್ಡೊಂದಕ್ಕೆ, ಹಾಡೊಂದಕ್ಕೆ ಆಗ 2 ಸೆಂಟ್ ರಾಯಧನ. ವಾಡಿಕೆಯಲ್ಲಿ ಒಂದು ಸೆಂಟ್ ಹಾಡಿನ ಹಕ್ಕು ನೋಡಿಕೊಳ್ಳುವ ಪ್ರಕಾಶಕರಿಗೆ, ಇನ್ನೊಂದು ರಚನಕಾರರಿಗೆ. ಹತ್ತು ಲಕ್ಷ ಪ್ರತಿಗೆ ರಚನಕಾರರ ಪಾಲು 10,000 ಡಾಲರ್. ಮೂವರು ಸಮನಾಗಿ ಹಂಚಿಕೊಂಡರೆ ನಿಜವಾಗಿ ಬರೆದವರಿಗೆ ಉಳಿಯುವುದು 3,333. ರೆಕಾರ್ಡಿನ ಹಿಂಬದಿಯ ಹಾಡನ್ನು ಯಾರೂ ಕೇಳದಿದ್ದರೂ ಅದಕ್ಕೂ ಅಷ್ಟೇ ದರ. ಹಾಗಾಗಿ ಅಲ್ಲಿಯೂ ಹೆಸರು ತೂರಿಸಿದರೆ ಲಾಭವೇ.

ಇನ್ನೂ ಒಂದಿದೆ. ಅಮೆರಿಕದಲ್ಲಿ ಬಾನುಲಿ ಪ್ರಸಾರಕ್ಕೆ ಹಣ ಸಲ್ಲುವುದು ರಚನಕಾರರಿಗೂ ಪ್ರಕಾಶಕರಿಗೂ. ಹಾಡಿದವರಿಗೆ ಚಿಕ್ಕಾಸೂ ಇಲ್ಲ. ಅಂದಮೇಲೆ ಹಾಡನ್ನು ಹಾಕಿದಷ್ಟೂ ಹಾಕಿದವರಿಗೇ ಆದಾಯ. ಲಂಚವಾದರೆ ಒಮ್ಮೆ ಕೈಗೆ ಬಂದು ಮುಗಿಯಿತು, ಹೆಸರು ವರ್ಷಗಟ್ಟಲೆ ದುಡಿಯುತ್ತದೆ. ಬೆರ್ರಿಯವರಿಗೆ ತಮ್ಮ ಹಾಡಿನ ಪೂರ್ತಿ ಹಕ್ಕು ಮರಳಿದ್ದು 1986ರಲ್ಲಿ!

ಹಾಡು ಹಾಕಲು ಗುಟ್ಟಾಗಿ ಹಣ ತಿನ್ನುವ ಈ ದಂಧೆಗೆ ಅಲ್ಲಿ ‘ಪೇಯೋಲಾ’ ಎನ್ನುತ್ತಾರೆ. 1959ರಲ್ಲಿ ಅದರ ಮೇಲೆ ಗದ್ದಲವೆದ್ದಾಗ, ಲಂಚ ಪಡೆದಿಲ್ಲವೆಂದು ಬರೆದುಕೊಡಲು ಒಪ್ಪದ ಫ್ರೀಡ್ ಕೆಲಸ ಕಳೆದುಕೊಂಡರು. ಅದನ್ನು ನೇರವಾಗಿ ತಡೆಯುವ ಕೇಂದ್ರ ಕಾನೂನು ಆಗ ಇರಲಿಲ್ಲ. ನ್ಯೂಯಾರ್ಕ್ ರಾಜ್ಯದ ಕಾನೂನಿನಡಿ ಮೊಕದ್ದಮೆ ನಡೆದು, 1962ರಲ್ಲಿ ಫ್ರೀಡ್ ತಪ್ಪೊಪ್ಪಿಕೊಂಡರು. ದಂಡ 300 ಡಾಲರ್. ಇದೇ ಗದ್ದಲದಲ್ಲಿ ಸಿಲುಕಿದ, ಟೆಲಿವಿಷನ್ನಿನ ಸಂಗೀತ ಕಾರ್ಯಕ್ರಮದ ನಿರೂಪಕ ಡಿಕ್ ಕ್ಲಾರ್ಕ್ ಸಂಗೀತ ಕಂಪನಿಗಳಲ್ಲಿದ್ದ ತಮ್ಮ ಪಾಲುಗಳನ್ನು ಬಿಟ್ಟುಕೊಟ್ಟು ಪಾರಾದರು.

ಕೇಂದ್ರದ ಸಂಪರ್ಕ ಕಾಯ್ದೆಗೆ 1960ರಲ್ಲಿ ಬಂದ ತಿದ್ದುಪಡಿ ಗುಟ್ಟಿನ ಪಾವತಿಗೆ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ವಿಧಿಸಿತು. ಗಮನಿಸಿ, ಹಣ ಪಡೆದದ್ದನ್ನು ಪ್ರಸಾರದಲ್ಲೇ ಹೇಳಿಬಿಟ್ಟರೆ ಅಪರಾಧವಲ್ಲ. ಮುಂದೆ ಕಂಪನಿಗಳು ನಿಲಯಕ್ಕೆ ನೇರವಾಗಿ ಕೊಡುವ ಬದಲು ‘ಸ್ವತಂತ್ರ ಪ್ರಚಾರಕ’ರೆಂಬ ಮಧ್ಯವರ್ತಿಗಳನ್ನು ಹಿಡಿದವು. 2005ರಲ್ಲೂ ರೆಕಾರ್ಡ್ ಕಂಪನಿ ಸೋನಿ ಬಿಎಂಜಿ ಇಂಥದೇ ಆರೋಪವನ್ನು ನ್ಯೂಯಾರ್ಕ್ ರಾಜ್ಯದೊಡನೆ ಒಂದು ಕೋಟಿ ಡಾಲರ್ ತೆತ್ತು ಬಗೆಹರಿಸಿಕೊಂಡಿತು.