ರಾಟರ್‌ಡ್ಯಾಮ್ ದಾಟಿದ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

2023-24ರಲ್ಲಿ ಭಾರತ ಯಾವ ದೇಶಕ್ಕೆ ಎಷ್ಟು ಸರಕು ಕಳಿಸಿತು ಎಂಬ ಪಟ್ಟಿ ತೆಗೆದರೆ ಮೊದಲು ಅಮೆರಿಕ, ಆಮೇಲೆ ಯುಎಇ. ಮೂರನೆಯದು ಚೀನಾ ಇರಬೇಕು ಎಂದುಕೊಂಡರೆ ತಪ್ಪು, ಅಲ್ಲಿರುವುದು ನೆದರ್ಲೆಂಡ್ಸ್. ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗವೂ ಇಲ್ಲ, ಜನಸಂಖ್ಯೆ ಎರಡು ಕೋಟಿ ಮುಟ್ಟಿಲ್ಲ. ನಾವು ಕಳಿಸುವ ಡೀಸೆಲನ್ನೆಲ್ಲ ಅಲ್ಲಿಯವರೇ ಸುಡುತ್ತಾರೆಯೇ? ಇಲ್ಲ. ಬಹಳಷ್ಟು ಸರಕು ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದು ಮುಂದಕ್ಕೆ ಹೋಗುತ್ತದೆ. ಆದರೆ ಲೆಕ್ಕದ ಪುಸ್ತಕಕ್ಕೆ ಹತ್ತುವುದು ಇಳಿದ ಊರಿನ ಹೆಸರು. ಅಂಕಿಅಂಶದವರು ಇದಕ್ಕೆ ‘ರಾಟರ್‌ಡ್ಯಾಮ್ ಪರಿಣಾಮ’ ಎಂದೇ ಹೆಸರಿಟ್ಟಿದ್ದಾರೆ.

ಹಾಗಾದರೆ ಹೀಗೆ ಹಾದುಹೋಗುವ ಸರಕಿನಿಂದ ಆ ದೇಶದ ಕೈಯಲ್ಲಿ ಉಳಿಯುವುದೆಷ್ಟು? ಒಂದು ಕಂಟೇನರ್ ಪೆಟ್ಟಿಗೆಯ ಬೆನ್ನುಹತ್ತಿ ನೋಡೋಣ.

ಬಂದರು ಊರಿನಿಂದ ಸಮುದ್ರದವರೆಗೆ 40 ಕಿಲೋಮೀಟರಿಗೂ ಹೆಚ್ಚು ಉದ್ದ ಚಾಚಿಕೊಂಡಿದೆ. ವರ್ಷಕ್ಕೆ ಸುಮಾರು 44 ಕೋಟಿ ಟನ್ ಸರಕು. 1872ರಲ್ಲಿ ಸಮುದ್ರಕ್ಕೆ ನೇರ ಕಾಲುವೆ ತೋಡಿದ್ದು ಇದಕ್ಕೆ ಬುನಾದಿ. ಹಡಗು ದೊಡ್ಡದಾದಂತೆಲ್ಲ ಬಂದರು ಸಮುದ್ರದ ಕಡೆಗೆ ಸರಿಯಿತು. ಮರಳು ತುಂಬಿ ಸಮುದ್ರದಲ್ಲೇ ನೆಲ ಮಾಡಿದರು, ಹಾಗೆ ಮಾಡಿದ ಬಂದರು ನೆಲವೇ ಮಾಸ್‌ವ್ಲಾಕ್ಟ, ಅದರ ಎರಡನೆಯ ಭಾಗ 2013ರಲ್ಲಿ ತೆರೆಯಿತು. 400 ಮೀಟರ್ ಉದ್ದದ ಹಡಗು ಅಲ್ಲಿ ನಿಲ್ಲುತ್ತದೆ.

ಪೆಟ್ಟಿಗೆ ಇಳಿಯಿತು ಎನ್ನಿ. ಸಾಗಣೆ ವೆಚ್ಚವೂ ಸೇರಿ ಸರಕಿನ ಬೆಲೆ 1,00,000 ಯೂರೋ, ಆಮದು ಸುಂಕ ಶೇ. 4 ಎಂದು ಇಟ್ಟುಕೊಳ್ಳೋಣ. ಸುಂಕ 4,000. ಅದೆಲ್ಲವೂ ಡಚ್ಚರದ್ದಲ್ಲ. ವಸೂಲಿಯ ಖರ್ಚೆಂದು ಕಾಲು ಭಾಗ, ಅಂದರೆ 1,000 ಯೂರೋ ಮಾತ್ರ ಅವರಿಗೆ, ಉಳಿದ 3,000 ಐರೋಪ್ಯ ಒಕ್ಕೂಟದ ಬೊಕ್ಕಸಕ್ಕೆ. ಇನ್ನು ವ್ಯಾಟ್: 1,04,000ದ ಮೇಲೆ ಶೇ. 21, ಅಂದರೆ 21,840 ಯೂರೋ. ಬಂದರಿನಲ್ಲೇ ನಗದು ಕಟ್ಟಿ, ಆಮೇಲೆ ವಾಪಸಿಗೆ ಕಾಯಬೇಕೆಂದರೆ ವ್ಯಾಪಾರಿಯ ದುಡಿಯುವ ಬಂಡವಾಳ ಅಷ್ಟು ದಿನ ಸಿಕ್ಕಿಬಿದ್ದಂತೆ. ಡಚ್ಚರ ಜಾಣತನ ಇಲ್ಲಿದೆ. ಅವರ ವ್ಯಾಟ್ ಕಾನೂನಿನ 23ನೆಯ ವಿಧಿಯ ಪರವಾನಗಿ ಇದ್ದರೆ ಗಡಿಯಲ್ಲಿ ಏನೂ ಕಟ್ಟಬೇಕಿಲ್ಲ. ಮುಂದಿನ ರಿಟರ್ನ್ಸ್‌ನಲ್ಲಿ 21,840 ಕೊಡಬೇಕೆಂದು ತೋರಿಸಿ, ಅದೇ ಹಾಳೆಯಲ್ಲಿ ಕಳೆದುಕೊಂಡರೆ ಮುಗಿಯಿತು. ಅಲ್ಲಿ ಕಚೇರಿ ಇಲ್ಲದ ಕಂಪನಿ ಸ್ಥಳೀಯ ತೆರಿಗೆ ಪ್ರತಿನಿಧಿಯೊಬ್ಬನ ಪರವಾನಗಿಯಡಿ ಇದನ್ನೇ ಮಾಡಬಹುದು, ಅವನಿಗೊಂದು ಶುಲ್ಕ. ಜರ್ಮನಿ ಇದಕ್ಕೆ ಎದುರಾಗಿ 2020ರ ಡಿಸೆಂಬರಿನಿಂದ ಕಟ್ಟುವ ಗಡುವನ್ನು ಮುಂದಕ್ಕೆ ಹಾಕಿತು, ಅಷ್ಟೇ.

ಸುಂಕವನ್ನೂ ಕಟ್ಟದೆ ಪೆಟ್ಟಿಗೆಯನ್ನು ಒಳನಾಡಿಗೆ ಒಯ್ಯಲು ಟಿ-1 ಎಂಬ ಕಾಗದವಿದೆ. ಸೀಲು ಹಾಕಿ ಕಳಿಸುತ್ತಾರೆ, ತಲುಪಿದ ಊರಿನ ಸುಂಕದ ಕಚೇರಿ ಅದನ್ನು ಮುಕ್ತಾಯ ಮಾಡಬೇಕು. ಎಡವಟ್ಟಾಗುವುದೂ ಇಲ್ಲೇ. ಲಾರಿಯವನು ನೇರ ಗೋದಾಮಿಗೆ ಹೋಗಿ ಸರಕು ಇಳಿಸಿಬಿಟ್ಟರೆ ಕಾಗದ ತೆರೆದೇ ಉಳಿಯುತ್ತದೆ, ಪೂರ್ತಿ ಸುಂಕ ಜಾಮೀನು ಕೊಟ್ಟವನ ತಲೆಗೆ ಬರುತ್ತದೆ.

ಈಗ ಮುಖ್ಯ ಪ್ರಶ್ನೆ: ಪೆಟ್ಟಿಗೆ ಯಾರದ್ದು? ಡಚ್ ಕಂಪನಿಯೊಂದು ಸರಕು ಕೊಂಡು, ಹೆಚ್ಚೇನೂ ಬದಲಿಸದೆ ಜರ್ಮನಿಗೆ ಮಾರಿದರೆ ಅದು ಮರುರಫ್ತು. ಒಡೆತನ ಡಚ್ಚರ ಕೈಗೆ ಬಾರದೆ ಬರೀ ಹಾದುಹೋದರೆ ಡಚ್ ಅಂಕಿಅಂಶ ಸಂಸ್ಥೆಯ ರಾಷ್ಟ್ರೀಯ ಲೆಕ್ಕ ಅದನ್ನು ರಫ್ತು ಎನ್ನುವುದೇ ಇಲ್ಲ. ಆ ದೇಶದ ಸರಕು ರಫ್ತಿನಲ್ಲಿ ಹತ್ತಿರಹತ್ತಿರ ಅರ್ಧ ಮರುರಫ್ತೇ. ಮರುರಫ್ತಿನ ಒಂದು ಯೂರೋ ವಹಿವಾಟಿಗೆ ದೇಶದಲ್ಲಿ ಉಳಿಯುವುದು ಹತ್ತು ಹನ್ನೆರಡು ಸೆಂಟಿನಷ್ಟು. ಸ್ವಂತ ತಯಾರಿಕೆಯ ಸರಕಾದರೆ ಅರ್ಧ ಯೂರೋಗೂ ಹೆಚ್ಚು. ಹಾಗಾಗಿ ‘ಇಷ್ಟು ಕೋಟಿ ರಫ್ತು’ ಎಂಬ ತಲೆಬರಹ ಕಂಡಾಗ ಯಾವ ಬಗೆಯ ರಫ್ತು ಎಂದು ಕೇಳದೆ ಬೆರಗಾಗಬಾರದು.

ಸ್ವಂತ ಸರಕಿನಲ್ಲಿ ವೆಲ್ಡ್‌ಹೋವನ್ನಿನ ಎಎಸ್‌ಎಂಎಲ್ ಕಂಪನಿಯ ಚಿಪ್ ಮುದ್ರಣ ಯಂತ್ರಗಳಿವೆ. ಅತಿ ಸೂಕ್ಷ್ಮ ಗೆರೆ ಮೂಡಿಸಲು ತೀವ್ರ ಅತಿನೇರಳೆ ಬೆಳಕು ಬಳಸುವ ಯಂತ್ರವನ್ನು ಜಗತ್ತಿನಲ್ಲಿ ಬೇರಾರೂ ಮಾಡುವುದಿಲ್ಲ. ಹೂವಿನ ಕಥೆ ಇನ್ನೂ ಸ್ವಾರಸ್ಯ. ಆಲ್ಸ್‌ಮೇರ್‌ನ ಹರಾಜಿನಲ್ಲಿ ಬೆಲೆ ಮೇಲಿಂದ ಕೆಳಗಿಳಿಯುತ್ತದೆ. ಗಡಿಯಾರದ ಗುರುತು ಜಾರುತ್ತಿರುವಾಗ ಮೊದಲು ಗುಂಡಿ ಒತ್ತಿದವನಿಗೆ ಸರಕು, ಎಷ್ಟು ಬೇಕೆಂದು ಅವನೇ ಹೇಳುತ್ತಾನೆ, ಮಿಕ್ಕಿದ್ದಕ್ಕೆ ಗಡಿಯಾರ ಮತ್ತೆ ಓಡುತ್ತದೆ. ಬೇಗ ಒತ್ತಿದರೆ ದುಬಾರಿ, ಕಾದರೆ ಕೈತಪ್ಪು. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಓಡುವುದೂ ಇದೇ ಡಚ್ ಗಡಿಯಾರ. ಆದರೆ ಆಲ್ಸ್‌ಮೇರ್‌ನ ಗುಲಾಬಿಗಳಲ್ಲಿ ಬಹಳಷ್ಟು ಕೆನ್ಯಾ, ಇಥಿಯೋಪಿಯಾದವು. ಹೂವೂ ಹಾದುಹೋಗುವ ಸರಕೇ ಆಯಿತು.

ನೆಲದಡಿಯ ಸಂಪತ್ತು ಇರಲಿಲ್ಲವೆಂದಲ್ಲ. 1959ರಲ್ಲಿ ಗ್ರೋನಿಂಗನ್‌ನಲ್ಲಿ ಭಾರೀ ಅನಿಲ ನಿಕ್ಷೇಪ ಸಿಕ್ಕಿತು. ಅನಿಲದ ಹಣದಿಂದ ಅಂದಿನ ಡಚ್ ನಾಣ್ಯ ಗಿಲ್ಡರ್ ಬಲಿತು ಕಾರ್ಖಾನೆಗಳ ಸರಕು ಹೊರಗೆ ದುಬಾರಿಯಾಯಿತು. ‘ಡಚ್ ಕಾಯಿಲೆ’ ಎಂಬ ಮಾತು ಹುಟ್ಟಿದ್ದು ಹೀಗೆ. ಸರಕನ್ನು ಮತ್ತೆ ಅಗ್ಗ ಮಾಡಲೆಂದು 1982ರ ವಾಸ್ಸೆನಾರ್ ಒಪ್ಪಂದದಲ್ಲಿ ಕಾರ್ಮಿಕ ಸಂಘಗಳು ಕೂಲಿ ಏರಿಕೆ ತಡೆದುಕೊಂಡು, ಬದಲಿಗೆ ಕೆಲಸದ ಗಂಟೆ ಕಡಿಮೆ ಮಾಡಿಸಿಕೊಂಡವು. ಅನಿಲ ತೆಗೆದದ್ದರಿಂದಲೇ ಆದ ಭೂಕಂಪಗಳ ಕಾರಣಕ್ಕೆ 2023ರ ಅಕ್ಟೋಬರ್ 1ರಂದು ಅನಿಲ ತೆಗೆಯುವುದೂ ನಿಂತಿತು.

ನಮ್ಮ ಪೆಟ್ಟಿಗೆ ಇನ್ನೂ ದಾರಿಯಲ್ಲಿದೆ, ರೈನ್ ನದಿಯ ಬಾರ್ಜ್, ಅಂದರೆ ಚಪ್ಪಟೆ ತಳದ ಸರಕು ದೋಣಿ, ಹತ್ತಿದೆ. ನೆದರ್ಲೆಂಡ್ಸ್‌ನ ಈ ವ್ಯಾಪಾರದ ಕುತ್ತಿಗೆ, ಅಂದರೆ ದಾರಿ ಇಕ್ಕಟ್ಟಾಗುವ ಜಾಗ, ಇರುವುದು ಜರ್ಮನಿಯ ಕೌಬ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಯ ನೀರಿನ ಮಟ್ಟದ ಅಳತೆಪಟ್ಟಿಯ ಸೊನ್ನೆ ನದಿಯ ತಳದಲ್ಲಿಲ್ಲ, ಅದು 78 ಸೆಂಟಿಮೀಟರ್ ತೋರಿಸಿದರೆ ಹಡಗು ದಾರಿಯ ನಿಜವಾದ ಆಳ 1.90 ಮೀಟರ್, 40 ತೋರಿಸಿದರೆ ಸುಮಾರು ಒಂದೂವರೆ ಮೀಟರ್. ಅದರಲ್ಲೂ ತಳ ತಾಗದಂತೆ ಒಂದಷ್ಟು ಬಿಡಬೇಕು. 110 ಮೀಟರ್ ಉದ್ದ, 11.4 ಮೀಟರ್ ಅಗಲದ ಬಾರ್ಜಿಗೆ ನೀರು ಹತ್ತು ಸೆಂಟಿಮೀಟರ್ ಇಳಿದರೆ ನೂರಕ್ಕೂ ಹೆಚ್ಚು ಟನ್ ಸರಕು ದಡದಲ್ಲೇ ಉಳಿಯುತ್ತದೆ. ಅದೇ ಸರಕಿಗೆ ಎರಡು ಮೂರು ಬಾರ್ಜ್, ಮೇಲೆ ನೀರಿಳಿಕೆಯ ಹೆಚ್ಚುವರಿ ಬಾಡಿಗೆ. 40ಕ್ಕಿಂತ ಕೆಳಗಿಳಿದರೆ ಸಾಗಿಸುವ ಹೊಣೆಯೇ ತಮಗಿಲ್ಲ ಎಂದು ಅನೇಕ ಒಪ್ಪಂದಗಳಲ್ಲಿ ಬರೆದಿರುತ್ತದೆ. 2018ರ ಅಕ್ಟೋಬರಿನಲ್ಲಿ ಪಟ್ಟಿ 25 ತೋರಿಸಿತು. ನದಿಯ ಮೇಲ್ಗಡೆಯ ಲುಡ್ವಿಗ್ಸ್‌ಹಾಫೆನ್‌ನಲ್ಲಿರುವ ಬಿಎಎಸ್‌ಎಫ್ ರಾಸಾಯನಿಕ ಕಾರ್ಖಾನೆಗೆ ಆ ವರ್ಷ ಸುಮಾರು 25 ಕೋಟಿ ಯೂರೋ ಹೊಡೆತ ಬಿತ್ತು. ಆಮೇಲೆ ಕಂಪನಿಯವರು ಬಾರ್ಜನ್ನೇ ಬದಲಿಸಿದರು: 135 ಮೀಟರ್ ಉದ್ದ, 17.5 ಮೀಟರ್ ಅಗಲ. ಅಗಲ ಹೆಚ್ಚಿದಷ್ಟೂ ಅದು ನೀರಿನಲ್ಲಿ ಮುಳುಗುವುದು ಕಡಿಮೆ. 2023ರಿಂದ ಓಡುತ್ತಿದೆ.

ನಮಸ್ಕಾರ.