ಗೆರೆ ಯಾರದು?

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿ ವಿದ್ಯಾರ್ಥಿನಿಯರೇ,

ನನ್ನನ್ನು ಇಲ್ಲಿಗೆ ಕರೆಯಲು ಮನೆಗೆ ಬಂದಿದ್ದ ಮೂವರು ಹುಡುಗರಲ್ಲಿ ಒಬ್ಬ, ಫ್ರಾನ್ಸಿನ ಇಪ್ಪತ್ತನಾಲ್ಕು ಗಂಟೆಯ ಕಾರ್ ರೇಸಾದ ಲೆ ಮಾನ್ಸನ್ನು ನಾನು ಕಂಪ್ಯೂಟರಿನ ಆಟದಲ್ಲಿ, ಪ್ರೋಗ್ರಾಂ ನಡೆಸುವ ಎಐ ಚಾಲಕರ ಜೊತೆ, ಒಂದು ರಾತ್ರಿ ಪೂರ್ತಿ ಓಡಿಸಿದ್ದೇನೆಂದು ಕೇಳಿ, ಬಹಳ ಮರ್ಯಾದೆಯಿಂದಲೇ, "ಸರ್, ಆನ್‌ಲೈನ್‌ನಲ್ಲಿ ಮನುಷ್ಯರ ಜೊತೆ ಓಡಿಸಿದರೆ ಮಾತ್ರ ಅದು ರೇಸು, ಇದು ಬರೀ ಪ್ರಾಕ್ಟೀಸು" ಎಂದ. ಕಾಫಿ ಕುಡಿಯುತ್ತಿದ್ದವನನ್ನು ಎದುರುಹಾಕಿಕೊಳ್ಳಬಾರದೆಂದು ಅಂದು ಸುಮ್ಮನಿದ್ದೆ. ಆಹ್ವಾನ ಪತ್ರಿಕೆಯಲ್ಲಿ ನೀವು ‘ಕ್ರೀಡೆ ಮತ್ತು ಕೃತಕ ಬುದ್ಧಿಮತ್ತೆ’ ಎಂದು ದೊಡ್ಡ ವಿಷಯವನ್ನೇ ಅಚ್ಚು ಹಾಕಿಸಿದ್ದೀರಿ; ಆದರೆ ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಆಟೊಮೊಬೈಲ್ ಪಾಠ ಹೇಳಿ ನಿವೃತ್ತನಾದ ನಾನು ಇಂದು ಹೇಳಲು ಹೊರಟಿರುವುದು ಆ ಹುಡುಗನಿಗೆ ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಮಾತ್ರ. ಅವನು ಎರಡನೆಯ ಸಾಲಿನಲ್ಲಿ ಕೂತಿದ್ದಾನೆ, ಹೆಸರು ಹೇಳುವುದಿಲ್ಲ.

ಲೆ ಮಾನ್ಸ್ ಬಗ್ಗೆ ಈ ಸಭೆಗೆ ಪೀಠಿಕೆ ಬೇಕಿಲ್ಲ. 1923ರಲ್ಲಿ ಶುರುವಾದ ಓಟ, ಈಗಿನ ಸುತ್ತಳತೆ 13.626 ಕಿಲೋಮೀಟರ್, ಅದರಲ್ಲಿ ಮುಲ್ಸಾನ್ ನೇರದಾರಿ ಉಳಿದ ದಿನಗಳಲ್ಲಿ ಲಾರಿಗಳು ಓಡಾಡುವ ಸಾರ್ವಜನಿಕ ರಸ್ತೆ. 2012ರಲ್ಲಿ ಕರುಣ್ ಚಂಧೋಕ್ ಅಲ್ಲಿ ಓಡಿಸಿದ ಮೊದಲ ಭಾರತೀಯನಾಗಿ ಆರನೆಯ ಸ್ಥಾನದಲ್ಲಿ ಮುಗಿಸಿದ್ದೂ, 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿಗೆ ಹೋಗಿದ್ದೂ ನಿಮಗೆ ಗೊತ್ತು. ನಾನು ನೆನಪಿಸಬೇಕಾದದ್ದು 1952ರ ಒಂದು ಸಂಗತಿಯನ್ನು. ಪಿಯರ್ ಲೆವೆಗ್ ಎಂಬ ಫ್ರೆಂಚ್ ಚಾಲಕ ತನ್ನ ಜೊತೆಗಾರನಿಗೆ ಸ್ಟೀರಿಂಗ್ ಬಿಟ್ಟುಕೊಡದೆ ಸುಮಾರು ಇಪ್ಪತ್ತಮೂರು ಗಂಟೆ ಒಬ್ಬನೇ ಓಡಿಸಿ, ಎಲ್ಲರಿಗಿಂತ ಮುಂದಿದ್ದು, ಕೊನೆಯ ಹೊತ್ತಿನಲ್ಲಿ ಎಂಜಿನ್ ಮುರಿದು ನಿಂತ. ಗೆಲುವು ಮರ್ಸಿಡಿಸ್‌ಗೆ ಹೋಯಿತು. ಈಗ ಒಬ್ಬ ಚಾಲಕ ಒಟ್ಟು 14 ಗಂಟೆಗಿಂತ ಹೆಚ್ಚು, ಯಾವುದೇ ಆರು ಗಂಟೆಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಓಡಿಸುವಂತಿಲ್ಲ ಎಂಬ ನಿಯಮವಿದೆ. ನನ್ನ ಮನೆಯಲ್ಲಿ ಆ ನಿಯಮ ಇರಲಿಲ್ಲ, ಜೊತೆಗಾರನೂ ಇರಲಿಲ್ಲ. ಹಾಗಾಗಿ ಆಟದ ಗಡಿಯಾರವನ್ನು ನಾಲ್ಕು ಪಟ್ಟು ವೇಗಕ್ಕೆ ಇಟ್ಟು, ಇಪ್ಪತ್ತನಾಲ್ಕು ಗಂಟೆಯ ಆಕಾಶವನ್ನು ಆರು ಗಂಟೆಯ ಓಟಕ್ಕೆ ಇಳಿಸಿಕೊಂಡೆ. ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ಹತ್ತಾಗಿದ್ದಾಗ ಪರದೆಯ ಫ್ರಾನ್ಸಿನಲ್ಲಿ ಸಂಜೆ ನಾಲ್ಕು. ಹನ್ನೊಂದೂವರೆಗೆ ಅಲ್ಲಿ ಕತ್ತಲಾಯಿತು, ಒಂದೂವರೆಗೆ ಬೆಳಗಾಯಿತು. ಕಿಟಕಿಯಾಚೆ ಮಾತ್ರ ನಾಯಿಗಳು ಬೊಗಳುತ್ತಲೇ ಇದ್ದವು.

ಆಟ ‘ಅಸೆಟ್ಟೊ ಕೋರ್ಸಾ’, ಇಟಲಿಯ ಕೂನೋಸ್ ಸಿಮುಲಾಸಿಯೋನಿ 2014ರಲ್ಲಿ ಹೊರತಂದದ್ದು. ಹೊಸ ಆಟಗಳು ಬಂದಿವೆ, ಲೆ ಮಾನ್ಸ್‌ಗೆಂದೇ ಅಧಿಕೃತ ಆಟವೂ ಬಂದಿದೆ. ಆದರೂ ಇದನ್ನು ನಾನು ಬಿಡದಿರುವುದಕ್ಕೆ ಕಾರಣವಿದೆ. ಹಲವು ಆಟಗಳಲ್ಲಿ ಎಐ ಕಾರುಗಳಿಗೆ ಸರಳಗೊಳಿಸಿದ ಭೌತಶಾಸ್ತ್ರ, ನಮಗೆ ಮಾತ್ರ ಪೂರ್ತಿ ಭೌತಶಾಸ್ತ್ರ. ನಮ್ಮ ಟೈರು ಜಾರುವಲ್ಲಿ ಅವುಗಳ ಟೈರು ಹಳಿಯ ಮೇಲೆ ಹೋದಂತೆ ಹೋಗುತ್ತದೆ. ಈ ಆಟದಲ್ಲಿ ಎದುರಾಳಿಯ ಕಾರಿಗೂ ನನ್ನ ಕಾರಿಗಿರುವ ಟೈರು, ಸಸ್ಪೆನ್ಷನ್, ತೂಕಗಳ ಲೆಕ್ಕವೇ ಅನ್ವಯಿಸುತ್ತದೆ. ಒಂದೇ ತಕ್ಕಡಿಯಲ್ಲಿ ತೂಗಿಸಿಕೊಂಡು ಸೋತರೆ ಬೇಸರವಿಲ್ಲ. ಇನ್ನು ಆ ಚಾಲಕನ ಬುದ್ಧಿಯ ವಿಚಾರ. ಟ್ರ್ಯಾಕಿನ ಕಡತದೊಳಗೆ ಒಂದು ಗೆರೆ ಇರುತ್ತದೆ: ಎಲ್ಲಿ ಬಲಕ್ಕೆ ಸರಿಯಬೇಕು, ಎಲ್ಲಿ ಒಳಅಂಚನ್ನು ಮುಟ್ಟಬೇಕು, ಎಲ್ಲಿ ಹೊರಕ್ಕೆ ಹರಿಯಬೇಕು ಎಂಬುದರ ಗೆರೆ. ಎಐ ಚಾಲಕ ಆ ಗೆರೆಯನ್ನು ಹಿಡಿದು ಹೋಗುತ್ತಾನೆ. ಎದುರಿಗೆ ನಿಧಾನದ ಕಾರು ಸಿಕ್ಕರೆ ಗೆರೆಯಿಂದ ಪಕ್ಕಕ್ಕೆ ಸರಿದು, ದಾಟಿ, ಮತ್ತೆ ಗೆರೆಗೆ ಬರುತ್ತಾನೆ. ಎಷ್ಟು ಚುರುಕು, ಎಷ್ಟು ಮುನ್ನುಗ್ಗುವಿಕೆ ಎಂಬುದನ್ನು ನಾವು ಶೇಕಡಾವಾರು ಇಡಬಹುದು. ನಾನು ಚುರುಕನ್ನು 92ಕ್ಕೆ ಇಟ್ಟೆ. 100ಕ್ಕೆ ಇಟ್ಟು ಸೋಲುವುದು ಅಹಂಕಾರ, 80ಕ್ಕೆ ಇಟ್ಟು ಗೆಲ್ಲುವುದು ಅದಕ್ಕಿಂತ ದೊಡ್ಡ ಅಹಂಕಾರ. ಆದರೆ ನಾನು ನಿಮ್ಮನ್ನು ಕೇಳಬೇಕೆಂದಿರುವ ಪ್ರಶ್ನೆ ಬೇರೆಯದು: ಆ ಗೆರೆ ಯಾರದು?

ಇದನ್ನು ಕೇಳುವುದಕ್ಕೆ ನನಗೆ ಅಧಿಕಾರ ಬಂದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಆಟದ ಜೊತೆ ಲೆ ಮಾನ್ಸ್ ಬರುವುದಿಲ್ಲ. ಯಾರೋ ಅಭಿಮಾನಿಗಳು ಕಟ್ಟಿದ್ದನ್ನು ಸೇರಿಸಿಕೊಳ್ಳಬೇಕು. ನಾನು ಇಳಿಸಿಕೊಂಡ ಪ್ರತಿಯಲ್ಲಿ ರಸ್ತೆ, ಮರ, ಗ್ಯಾಲರಿ ಎಲ್ಲ ಚೆನ್ನಾಗಿತ್ತು, ಗೆರೆ ಮಾತ್ರ ಕೆಟ್ಟಿತ್ತು. ಮೊದಲ ಸಂಜೆ ಇಪ್ಪತ್ತು ಕಾರು ಬಿಟ್ಟು ನೋಡಿದರೆ, ಆರ್ನಾಜ್ ತಿರುವಿನಲ್ಲಿ, ಅಂದರೆ ಇಡೀ ಟ್ರ್ಯಾಕಿನ ಅತ್ಯಂತ ನಿಧಾನದ ಜಾಗದಲ್ಲಿ, ಅವು ಜಾತ್ರೆಯ ದಿನದ ಬಸ್‌ಸ್ಟ್ಯಾಂಡಿನಂತೆ ಒಂದರ ಮೇಲೊಂದು ಬಂದು ನಿಂತುಬಿಟ್ಟವು. ವಿಚಾರಿಸಿದಾಗ ತಿಳಿದದ್ದು, ಗೆರೆಯನ್ನು ನಾವೇ ಹೊಸದಾಗಿ ದಾಖಲಿಸಬಹುದು, ದಾಖಲಿಸುವ ವಿಧಾನವೆಂದರೆ ನಾವೇ ಒಂದು ಸುತ್ತು ಓಡಿಸಿ ತೋರಿಸುವುದು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬಂದು ಕೂತು ಓಡಿಸಿದೆ. ಮೂವತ್ತು ವರ್ಷ ಬೋರ್ಡಿನ ಮೇಲೆ ತಿರುವಿನ ಜ್ಯಾಮಿತಿ ಬರೆದವನ ಕೈಯಿಂದ ಕೊನೆಗೊಂದು ಗೆರೆ ರಸ್ತೆಯ ಮೇಲೆ ಮೂಡಲಿತ್ತು.

ಮುಗಿಸಿ, ಕಡತ ಉಳಿಸಿ, ಇಪ್ಪತ್ತು ಕಾರುಗಳನ್ನು ಬಿಟ್ಟೆ. ಆರ್ನಾಜ್ ಸಲೀಸಾಗಿ ದಾಟಿದವು. ಅಲ್ಲಿಂದ ಮುಂದೆ ಪೋರ್ಷೆ ಕರ್ವ್ಸ್ ಎಂಬ ತಿರುವುಗಳ ಸಾಲು, 1972ರಲ್ಲಿ ಸೇರಿಸಿದ ಭಾಗ; ವೇಗ ಬಹಳ, ಗೋಡೆ ಹತ್ತಿರ. ಮೊದಲ ಕಾರು ಅಲ್ಲಿ ಎಡಗಡೆಯ ಗೋಡೆ ಕಂಡೊಡನೆ ಒಂದು ಕಾರಿನಗಲದಷ್ಟು ಬಲಕ್ಕೆ ಹಿಂಜರಿದು, ಆಮೇಲೆ ತಪ್ಪನ್ನು ಮುಚ್ಚಿಕೊಳ್ಳುವವನಂತೆ ಮೆಲ್ಲಗೆ ಎಡಕ್ಕೆ ಬಂತು. ಎರಡನೆಯದೂ ಹಾಗೆಯೇ ಮಾಡಿತು. ಮೂರನೆಯದೂ. ಇಪ್ಪತ್ತೂ ಕಾರುಗಳು ಸಾಲಾಗಿ, ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಗೋಡೆಗೆ ಹೆದರಿದವು. ಹಾಲಿನ ಪಾತ್ರೆ ಮುಚ್ಚಿಟ್ಟು ಮಲಗಲು ಹೊರಟಿದ್ದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಎಲ್ಲಾ ನಿಮ್ಮ ಥರಾನೇ ಹೆದರ್ತಾ ಇದಾವಲ್ರೀ" ಎಂದಳು. ನಮ್ಮ ಹಳೆಯ ಮಾರುತಿಯಲ್ಲಿ ನನ್ನ ಪಕ್ಕ ಕೂತು, ಎದುರಿಗೆ ಲಾರಿ ಬಂದಾಗಲೆಲ್ಲ ನಾನು ಏನು ಮಾಡುತ್ತೇನೆಂದು ನೋಡಿದವಳು ಅವಳು. ಅವಳಿಗೆ ಗುರುತು ಹಿಡಿಯಲು ಒಂದು ಸುತ್ತೂ ಬೇಕಾಗಲಿಲ್ಲ. ನಾನು ಮತ್ತೆ ಮೂರು ಸಲ ದಾಖಲಿಸಿದೆ. ಮೂರು ಸಲವೂ ಹಿಂಜರಿಕೆಯ ಜಾಗ ನಾಲ್ಕಾರು ಮೀಟರ್ ಆಚೀಚೆಯಾಯಿತೇ ಹೊರತು ಹಿಂಜರಿಕೆ ಹೋಗಲಿಲ್ಲ. ಕೊನೆಗೆ ಹಾಗೆಯೇ ರೇಸಿಗೆ ಇಳಿದೆ: ರೇಸಿಗೆಂದೇ ಕಟ್ಟಿದ ವೇಗದ ಪ್ರೊಟೊಟೈಪ್‌ಗಳು ಹತ್ತು, ನನ್ನದೂ ಸೇರಿ ರಸ್ತೆ ಕಾರುಗಳ ಮಾದರಿಯ, ಅವಕ್ಕಿಂತ ನಿಧಾನದ ಜಿಟಿ ಕಾರುಗಳು ಹದಿನಾಲ್ಕು.

ಆದ್ದರಿಂದ ಎರಡನೆಯ ಸಾಲಿನ ಗೆಳೆಯನೇ, ಅಂದು ರಾತ್ರಿ ಟ್ರ್ಯಾಕಿನ ಮೇಲೆ ಮನುಷ್ಯರಿರಲಿಲ್ಲ ಎಂದು ಹೇಳಬೇಡ. ಒಬ್ಬ ಮನುಷ್ಯ ಇದ್ದ, ಇಪ್ಪತ್ತಮೂರು ಸಲ ಇದ್ದ.

ಓಟದ ಲೆಕ್ಕವನ್ನು ಚುಟುಕಾಗಿ ಹೇಳುತ್ತೇನೆ. ಜಿಟಿ ಕಾರಿಗೆ ಒಂದು ಸುತ್ತು ಸುಮಾರು ನಾಲ್ಕು ನಿಮಿಷ, ಪ್ರೊಟೊಟೈಪಿಗೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಭಾಗಾಕಾರ ಮಾಡಿ ನೋಡಿ: ನನ್ನ ಪ್ರತಿ ಐದು ಸುತ್ತಿಗೊಮ್ಮೆ, ಅಂದರೆ ಇಪ್ಪತ್ತು ನಿಮಿಷಕ್ಕೊಮ್ಮೆ, ಒಂದೊಂದು ಪ್ರೊಟೊಟೈಪೂ ನನ್ನನ್ನು ದಾಟಿ ಹೋಗಬೇಕು, ಹತ್ತು ಕಾರುಗಳಾದ್ದರಿಂದ ಸರಾಸರಿ ಎರಡು ನಿಮಿಷಕ್ಕೊಂದರಂತೆ ಕನ್ನಡಿಯಲ್ಲಿ ದೀಪ. ಎರಡನೆಯ ಗಂಟೆಯಲ್ಲಿ, ಅಲ್ಲಿಯೂ ಇಲ್ಲಿಯೂ ಕತ್ತಲಿದ್ದ ಹೊತ್ತಿನಲ್ಲಿ, ಮುಲ್ಸಾನ್ ತಿರುವಿಗೆ ಮುಂಚೆ ಹಿಂದೆ ಒಂದು ಜೋಡಿ ದೀಪ ಕಂಡು, ಹಿರಿಯರಿಗೆ ದಾರಿ ಬಿಡುವಂತೆ ಬಲಕ್ಕೆ ಸರಿದೆ. ಅವನೂ ನನ್ನನ್ನು ದಾಟಲೆಂದು ಬಲಕ್ಕೇ ಸರಿದಿದ್ದ. ಕಿರಿದಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ಒಂದೇ ಕಡೆಗೆ ಸರಿದು ಮುಖ ನೋಡಿಕೊಳ್ಳುತ್ತಾರಲ್ಲ, ಆ ಸನ್ನಿವೇಶವನ್ನು ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಊಹಿಸಿಕೊಳ್ಳಿ. ನನ್ನ ಹಿಂದಿನ ಬಂಪರ್ ಹೋಯಿತು, ರಿಪೇರಿಗೆ ಒಂದು ಸುತ್ತಿನ ಹೊತ್ತು ಹಿಡಿಯಿತು. ನಿಜವಾದ ಲೆ ಮಾನ್ಸ್‌ನಲ್ಲಿಯೂ ಅನುಭವಸ್ಥ ಜಿಟಿ ಚಾಲಕರು ಪಾಲಿಸುವುದು ಇದನ್ನೇ: ದಾಟುವ ಹೊಣೆ ವೇಗದವನದು, ನಿಧಾನದವನು ತನ್ನ ಗೆರೆ ಬಿಟ್ಟು ಕದಲಬಾರದು. ನನಗೆ ಅದನ್ನು ಕಲಿಸಿದ್ದು ದಾಕ್ಷಿಣ್ಯ ಗೊತ್ತಿಲ್ಲದ ಒಂದು ಪ್ರೋಗ್ರಾಂ. ಮನುಷ್ಯನಾಗಿದ್ದರೆ ನಾನು ಅವನನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಪಾಠ ಅಲ್ಲಿಗೇ ಮುಗಿಯುತ್ತಿತ್ತು.

ತಾಳಿದವನು ಬಾಳಿಯಾನು ಎನ್ನುತ್ತೇವೆ. ಲೆ ಮಾನ್ಸ್‌ನಂಥ ದೀರ್ಘ ಓಟಗಳಿಗೆ ಬಳಸುವ ಎಂಡ್ಯೂರೆನ್ಸ್ ಎಂಬ ಮಾತಿಗೆ ತಾಳಿಕೆ ಎನ್ನುವುದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ. ಆದರೆ ಎಐ ಚಾಲಕ ತಾಳುವುದಿಲ್ಲ, ಅವನಿಗೆ ತಾಳಬೇಕಾದದ್ದೇ ಏನೂ ಇಲ್ಲ. ಐದನೆಯ ಗಂಟೆಯ ಅವನ ಸುತ್ತು ಮೊದಲ ಗಂಟೆಯ ಸುತ್ತಿನ ತದ್ರೂಪು. ನನ್ನ ಸಮಯದ ಪಟ್ಟಿಯನ್ನು ತೆಗೆದು ನೋಡಿದರೆ, ಎರಡನೆಯ ಸಲ ಪೆಟ್ರೋಲು ತುಂಬಿಸಿಕೊಂಡ ಮೇಲೆ 4 ನಿಮಿಷ 1 ಸೆಕೆಂಡಿನ ಸುತ್ತುಗಳು, ನಾಲ್ಕನೆಯ ಸಲದ ಮೇಲೆ 4 ನಿಮಿಷ 6 ಸೆಕೆಂಡು. ಅತಿ ವೇಗದ ಸುತ್ತು ಬಂದದ್ದು ಆಮೇಲೆ, ಸಿಟ್ಟಿನಲ್ಲಿ. ಆ ಸಿಟ್ಟಿನ ಕಥೆ ಹೇಳಬೇಕು.

ರಾತ್ರಿ ಎರಡು ನಲವತ್ತಕ್ಕೆ ಕರೆಂಟು ಹೋಯಿತು. ಕಂಪ್ಯೂಟರು, ಪರದೆ ಯುಪಿಎಸ್ ಮೇಲಿದ್ದವು; ನಾನು ಅಷ್ಟು ದಡ್ಡನಲ್ಲ. ಆದರೆ ಸ್ಟೀರಿಂಗ್ ಚಕ್ರದ ಮೋಟರಿಗೆ ಬೇರೆ ಅಡಾಪ್ಟರ್ ಇದೆಯಲ್ಲ, ಅದನ್ನು ಗೋಡೆಯ ಸಾಕೆಟ್ಟಿಗೆ ಹಾಕಿದ್ದೆ. ಅಷ್ಟರ ಮಟ್ಟಿಗೆ ದಡ್ಡ. ಕೋಣೆ ಕತ್ತಲಾಯಿತು, ಪರದೆಯಲ್ಲಿ ಮಾತ್ರ ಫ್ರಾನ್ಸಿನ ಬಿಸಿಲು ಬೆಳಗುತ್ತಲೇ ಇತ್ತು, ಕೈಯಲ್ಲಿದ್ದ ಚಕ್ರ ಸತ್ತ ಹಾವಿನಂತೆ ಸಡಿಲಾಯಿತು, ಅಲ್ಲಿಯ ಇಂಡಿಯಾನಾಪೊಲಿಸ್ ಎಂಬ ತಿರುವಿನಲ್ಲಿ ಕಾರು ನೇರವಾಗಿ ಜಲ್ಲಿಗೆ ಹೋಯಿತು. ಪಕ್ಕದಲ್ಲಿ ನಾಲ್ಕು ಕಾರುಗಳು ಗೆರೆ ಹಿಡಿದು ಹಾದುಹೋದವು. 2016ರಲ್ಲಿ ಇನ್ನು ಕೆಲವೇ ನಿಮಿಷವಿರುವಾಗ, ಗೆಲ್ಲುತ್ತಿದ್ದ ಟೊಯೊಟಾದಲ್ಲಿ ಕೂತ ಕಜುಕಿ ನಾಕಾಜಿಮಾ ರೇಡಿಯೊದಲ್ಲಿ ಪವರ್ ಇಲ್ಲ ಎಂದು ಕೂಗಿದ್ದು ನನಗೆ ಆ ಕ್ಷಣ ನೆನಪಾಯಿತು. ಅವರ ಕಾರು ಗುರಿಗೆರೆಯ ಹತ್ತಿರವೇ ನಿಂತಿತು, ಪೋರ್ಷೆ ಮುಂದೆ ಹೋಗಿ ಗೆದ್ದಿತು, ಕೊನೆಯ ಸುತ್ತಿಗೆ ಆರು ನಿಮಿಷಕ್ಕಿಂತ ಹೆಚ್ಚು ಹಿಡಿದದ್ದರಿಂದ ಟೊಯೊಟಾದ ಹೆಸರು ಫಲಿತಾಂಶದ ಸ್ಥಾನಗಳಲ್ಲಿಯೂ ಉಳಿಯಲಿಲ್ಲ. ಅವರ ಬಳಿ ಆಟವನ್ನೇ ತಡೆದು ನಿಲ್ಲಿಸುವ ಎಸ್ಕೇಪ್ ಗುಂಡಿ ಇರಲಿಲ್ಲ. ನನ್ನ ಬಳಿ ಇತ್ತು, ಒತ್ತಿದೆ.

ಒಂಬತ್ತು ನಿಮಿಷ ಯುಪಿಎಸ್ ಕೀಚ್ ಕೀಚ್ ಎನ್ನುತ್ತಿರುವಾಗ ಕತ್ತಲಲ್ಲಿ ಕೂತು ನೋಡಿದೆ. ಇಪ್ಪತ್ತಮೂರು ಕಾರುಗಳು ನಡುರಸ್ತೆಯಲ್ಲಿ ನನಗಾಗಿ ನಿಂತಿದ್ದವು. ಹುಡುಗ ಹೇಳಿದ ‘ಪ್ರಾಕ್ಟೀಸು’ ಎಂಬ ಮಾತಿಗೆ ಬಲವಿರುವುದಾದರೆ ಇಲ್ಲಿಯೇ, ಅದನ್ನು ನಾನು ಒಪ್ಪಿಕೊಳ್ಳಬೇಕು. ನಿಲ್ಲಿಸಬಹುದಾದ ಓಟ ತಾಳಿಕೆಯ ಓಟವಾಗುವುದು ಹೇಗೆ? ಆದ್ದರಿಂದ ಕರೆಂಟು ಬಂದ ಮೇಲೆ, ಜಲ್ಲಿಯಿಂದ ಹೊರಬರುವ ಮುಂಚೆ ಬ್ರೇಕು ಹಿಡಿದು ಗಡಿಯಾರ ನೋಡಿಕೊಂಡು ಪೂರ್ತಿ ನಾಲ್ಕು ನಿಮಿಷ, ಅಂದರೆ ಒಂದು ಸುತ್ತು, ದಂಡವಾಗಿ ನಿಂತೆ. ಯಾರೂ ವಿಧಿಸದ ದಂಡ ಅದು. ಎಲ್ಲ ಕಾರುಗಳೂ ಹಾದುಹೋಗುವವರೆಗೆ ಕಾಯ್ದು, ಆಮೇಲೆ ಹೊರಟವನು ಮೂರನೆಯ ಸುತ್ತಿಗೆ 3 ನಿಮಿಷ 59 ಸೆಕೆಂಡಿನಲ್ಲಿ ಬಂದೆ. ಪೋರ್ಷೆ ಕರ್ವ್ಸ್‌ನಲ್ಲಿ ಆ ಸುತ್ತು ನಾನು ಹೇಗೆ ಹೋದೆನೆಂದು ಕೇಳಬೇಡಿ, ನೆನಪಿಲ್ಲ. ಆ ಸುತ್ತನ್ನು ದಾಖಲಿಸಿಕೊಳ್ಳುವ ಏರ್ಪಾಡು ಅಂದು ಇರಲಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಊಟ ಆರುತ್ತಿದೆಯಂತೆ. ಟೈರಿನ ಸವೆತದ ಬಗ್ಗೆ, ಮಳೆಯಲ್ಲಿ ಎಐ ತೋರುವ ವಿಚಿತ್ರ ಧೈರ್ಯದ ಬಗ್ಗೆ, ಪೆಟ್ರೋಲು, ಟೈರಿಗೆಂದು ಪಿಟ್ಟಿಗೆ ಎಷ್ಟು ಸುತ್ತಿಗೊಮ್ಮೆ ಬರಬೇಕೆಂಬುದರ ಬಗ್ಗೆ ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಮಡಚುತ್ತೇನೆ. ಒಂದನ್ನು ಮಾತ್ರ ಬಿಡಲಾಗದು, ಏಕೆಂದರೆ ಕಂಪ್ಯೂಟರ್ ವಿಭಾಗದವರು ಅದನ್ನೇ ಕೇಳುತ್ತಾರೆ. ಗ್ರ್ಯಾನ್ ಟುರಿಸ್ಮೊ ಎಂಬ ಕಾರ್ ರೇಸ್ ಆಟಕ್ಕೆಂದು ಸೋನಿಯವರು ಮಾಡಿದ ‘ಗ್ರ್ಯಾನ್ ಟುರಿಸ್ಮೊ ಸೋಫಿ’ ಎಂಬ ಎಐ ಯಾರ ಗೆರೆಯನ್ನೂ ಹಿಡಿಯುವುದಿಲ್ಲ. ಓಡಿಸಿ, ತಪ್ಪಿ, ಅಂಕ ಪಡೆದು, ಅಂಕ ಕಳೆದುಕೊಂಡು ತಾನೇ ಕಲಿತದ್ದು. 2021ರ ಜುಲೈನಲ್ಲಿ ಜಪಾನಿನ ಅಗ್ರ ಆಟಗಾರರ ತಂಡ ಅದನ್ನು 86-70 ಅಂಕಗಳಿಂದ ಸೋಲಿಸಿತು, ಅಕ್ಟೋಬರಿನಲ್ಲಿ ಅದು 104-52ರಿಂದ ಗೆದ್ದಿತು, 2022ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಡಿಕ್ಕಿ ಹೊಡೆದರೆ ಅಂಕ ಕಳೆಯುವ ಮೂಲಕ ಅದಕ್ಕೆ ರಸ್ತೆಯ ಮರ್ಯಾದೆಯನ್ನೂ ಕಲಿಸಿದ್ದರು. ಅವು ಕೆಲವೇ ಸುತ್ತುಗಳ ಓಟಗಳು. ಆರು ಗಂಟೆಯ ಓಟಕ್ಕೆ ಅದು ನನ್ನ ಮನೆಗೆ ಬಂದರೆ, ನನ್ನ ಪ್ರಶ್ನೆಗೆ ಬೇರೆ ಉತ್ತರ ಹುಡುಕಬೇಕಾದೀತು. ಯಾಕೆಂದರೆ ಅದು ಹೆದರಿದರೂ ಆ ಹೆದರಿಕೆ ನನ್ನದಾಗಿರುವುದಿಲ್ಲ.

ಫಲಿತಾಂಶ ಹೇಳಲಿಲ್ಲ ಎಂದು ಯಾರೋ ಹಿಂದಿನಿಂದ ಕೂಗುತ್ತಿದ್ದಾರೆ. ಜಿಟಿ ವರ್ಗದಲ್ಲಿ ಗೆದ್ದ ಕಾರು 88 ಸುತ್ತು, ನಾನು 85, ಹದಿನಾಲ್ಕರಲ್ಲಿ ಒಂಬತ್ತನೆಯವನು. ಗೆರೆಯ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದಿದ್ದೇನೆ, ನಿಮ್ಮ ಲ್ಯಾಬಿನಲ್ಲಿ ಆಟ ಇದೆಯೆಂದು ಕೇಳಿದೆ. ಊಟವಾದ ಮೇಲೆ ಯಾರಾದರೂ ಹಾಕಿಕೊಂಡು ಓಡಿಸುವುದಾದರೆ, ಪೋರ್ಷೆ ಕರ್ವ್ಸ್‌ನಲ್ಲಿ ಮುಂದಿನ ಕಾರುಗಳು ಗೋಡೆ ಕಂಡು ಬಲಕ್ಕೆ ಸರಿಯುತ್ತವೆ. ಎಡಗಡೆ ಜಾಗ ಧಾರಾಳವಾಗಿರುತ್ತದೆ, ಅಲ್ಲಿಂದ ದಾಟಿ. ಎರಡನೆಯ ಸಾಲಿನವನು ಮೊದಲು ಕೂರಲಿ.

ನಮಸ್ಕಾರ.