ಕೇಕ್ ಕಟ್ ಮಾಡುವ ತನಕ ಊಟ ಇಲ್ಲ

ನಮಸ್ಕಾರ. ಇವತ್ತಿನ ಮಾತು ಸ್ವಲ್ಪ ಖಾರ. ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ಮಗುವಿನ ಹುಟ್ಟುಹಬ್ಬ. ಹೋಟೆಲ್‌ಗೆ ದುಡ್ಡು ಸುರಿಯುವ ಬದಲು ಯಾವುದಾದರೂ ಅನಾಥಾಶ್ರಮದಲ್ಲಿ ಊಟ ಹಾಕಿಸೋಣ ಅಂತ ಅಪ್ಪ ಅಮ್ಮ ತೀರ್ಮಾನ ಮಾಡುತ್ತಾರೆ. ಒಳ್ಳೆ ಮನಸ್ಸೇ, ಇಲ್ಲ ಅನ್ನಲ್ಲ. ಆ ಕಡೆ ಏನು ನಡೆಯುತ್ತೆ ನೋಡಿ. ಮಕ್ಕಳಿಗೆ ತಲೆ ಬಾಚಿ, ಇದ್ದಿದ್ದರಲ್ಲಿ ಚೆನ್ನಾಗಿರೋ ಬಟ್ಟೆ ಹಾಕಿ ಸಾಲಾಗಿ ಕೂರಿಸಿರುತ್ತಾರೆ. ಒಂದು ಗಂಟೆಗೆ ಬರ್ತೀವಿ ಅಂದವರು ಟ್ರಾಫಿಕ್ ದಾಟಿ ಎರಡೂವರೆಗೆ ಬರುತ್ತಾರೆ. ಪಲಾವ್ ಆರಿ ಹೋಗಿದೆ. ಆದರೂ ಮೊದಲು ಕೇಕ್, ಆಮೇಲೆ ಹಾಡು, ಆಮೇಲೆ ಫೋಟೋ. ಊಟ ಕೊನೆಗೆ. ಭಾನುವಾರ ಜಾಮೂನು ತಿಂದು ಮಿಕ್ಕುತ್ತೆ. ಮಂಗಳವಾರ ತರಕಾರಿ ಅಂಗಡಿಯವರು ಬಾಕಿ ಕೇಳೋಕೆ ಬಂದಾಗ ಅಲ್ಲಿ ಕಾರೂ ಇರಲ್ಲ, ಕ್ಯಾಮೆರಾನೂ ಇರಲ್ಲ.

ಸಹಾಯ ಸಿಗಬೇಕಾದರೆ ಮಗು ನಮ್ಮೆದುರು ಬಂದು ನಿಲ್ಲಲೇಬೇಕಾ? ಹಾಡು ಹೇಳಿ, ನಕ್ಕು, ಥ್ಯಾಂಕ್ಯೂ ಅಂಕಲ್ ಅನ್ನಲೇಬೇಕಾ? ಬೇಕು ಅನ್ನೋದಾದರೆ ನಾವು ಕೊಡುತ್ತಿಲ್ಲ, ಏನೋ ಕೊಂಡುಕೊಳ್ಳುತ್ತಿದ್ದೇವೆ. ಇದು ನನ್ನ ಅಭಿಪ್ರಾಯ.

ತುಮಕೂರಿನ ಸಿದ್ಧಗಂಗಾ ಮಠ ನಿಮಗೆಲ್ಲ ಗೊತ್ತು. ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ, ಓದು. ಸುಗ್ಗಿ ಮುಗಿದ ಮೇಲೆ ರೈತರು ರಾಗಿ, ಅಕ್ಕಿ ತಂದು ಇಳಿಸಿ ಹೋಗುತ್ತಾರೆ. ನನ್ನ ರಾಗಿಯ ಮುದ್ದೆ ಯಾವ ಹುಡುಗ ತಿಂದ, ತೋರಿಸಿ ಅಂತ ಯಾರೂ ಕೇಳಲ್ಲ. ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದರಲ್ಲ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ತಿಳಿಸಬೇಕು ಅನ್ನೋದು ಅವರ ಇಚ್ಛೆಯಾಗಿತ್ತು ಅಂತ ಆಗ ಎಲ್ಲ ಪತ್ರಿಕೆಗಳಲ್ಲೂ ಬಂತು. ತಮ್ಮ ಸಾವಿಗೂ ಮಕ್ಕಳ ಊಟ ತಡ ಆಗಬಾರದು ಅಂದವರು ಅವರು. ನಾವು ಕೇಕ್‌ಗೋಸ್ಕರ ತಡ ಮಾಡ್ತೀವಿ.

ಫೋಟೋ ಹುಚ್ಚು ಇವತ್ತಿನದಲ್ಲ, ನಮ್ಮದು ಮಾತ್ರವೂ ಅಲ್ಲ. 1919. ಮೊದಲ ಮಹಾಯುದ್ಧ ಮುಗಿದಿದೆ. ಸೋತ ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾರೆ. ಎಗ್ಲಂಟೈನ್ ಜೆಬ್ ಅನ್ನೋ ಇಂಗ್ಲಿಷ್ ಹೆಂಗಸು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತು ಹಸಿದ ಮಗುವಿನ ಚಿತ್ರವಿದ್ದ ಕರಪತ್ರ ಹಂಚಿದರು. ಪೊಲೀಸರು ಹಿಡಿದರು, ಕೋರ್ಟು 5 ಪೌಂಡ್ ದಂಡ ಹಾಕಿತು. ಅದೇ ವರ್ಷ ಜೆಬ್ ಮತ್ತು ಅವರ ತಂಗಿ ಸೇರಿ ಕಟ್ಟಿದ್ದು ಸೇವ್ ದ ಚಿಲ್ಡ್ರನ್ ಸಂಸ್ಥೆ. ನಿನ್ನೆ ತನಕ ಶತ್ರುಗಳಾಗಿದ್ದವರ ಮಕ್ಕಳಿಗೆ ಅನ್ನ ಕೊಡಿ ಅಂತ ಕೇಳೋಕೆ ಎಂಥ ಗಟ್ಟಿ ಗುಂಡಿಗೆ ಬೇಕು, ಯೋಚನೆ ಮಾಡಿ. ಆ ಚಿತ್ರ ಇಲ್ಲದಿದ್ದರೆ ಲಂಡನ್ನಿನವರಿಗೆ ಹಸಿವಿನ ಸುದ್ದಿ ತಟ್ಟುತ್ತಿರಲಿಲ್ಲ, ಅದನ್ನೂ ಒಪ್ಪುತ್ತೇನೆ.

ಆದರೆ ಜೆಬ್ ಅಲ್ಲಿಗೇ ನಿಲ್ಲಲಿಲ್ಲ. ನಾಲ್ಕು ವರ್ಷದಲ್ಲಿ ಮಕ್ಕಳ ಹಕ್ಕುಗಳ ಘೋಷಣೆ ಬರೆದರು. 1924ರಲ್ಲಿ ಆಗಿನ ದೇಶಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್ ಅದನ್ನು ಒಪ್ಪಿಕೊಂಡಿತು. ಹಸಿದ ಮಗುವಿಗೆ ಊಟ ಸಿಗಲೇಬೇಕು, ಯಾರಿಗೆ ಕನಿಕರ ಬಂದರೂ ಬರದಿದ್ದರೂ. ಅಷ್ಟೇ ಅದರ ತಿರುಳು. ನಾವು ಮಾತ್ರ ನೂರು ವರ್ಷ ಆದರೂ ಕರಪತ್ರದ ಹತ್ತಿರವೇ ನಿಂತಿದ್ದೇವೆ.

ಹೊರದೇಶಗಳಲ್ಲಿ ಇದು ಇನ್ನೂ ಕೆಟ್ಟು ಹೋಗಿದೆ. ನೇಪಾಳ, ಕಾಂಬೋಡಿಯಾಗಳಲ್ಲಿ ಪ್ರವಾಸಿಗಳಿಗೆ ತೋರಿಸೋಕೆ ಅಂತಲೇ ಅನಾಥಾಲಯಗಳು ಹುಟ್ಟಿಕೊಂಡವು. ಒಳಗಿದ್ದ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದರು. ಬಡತನ ಇತ್ತು, ಅಷ್ಟೇ. ನೋಡೋಕೆ ಬರುವವರು ಜಾಸ್ತಿ ಆದಷ್ಟೂ ಹಳ್ಳಿಗಳಿಂದ ಮಕ್ಕಳನ್ನು ತಂದು ತುಂಬಿದರು. 2018ರಲ್ಲಿ ಆಧುನಿಕ ಗುಲಾಮಗಿರಿ ತಡೆಯೋಕೆ ಕಾನೂನು ತಂದ ಆಸ್ಟ್ರೇಲಿಯಾ ಇದನ್ನೂ ಅದೇ ಲೆಕ್ಕಕ್ಕೆ ಸೇರಿಸಿತು.

ಈಗ ನಮ್ಮ ಕೊಪ್ಪಳಕ್ಕೆ ಬನ್ನಿ. 2021ರ ಡಿಸೆಂಬರ್. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದರು. ಕೆಲವು ಮಠಾಧೀಶರು ಬೇಡ ಅಂದರು. ಆಗ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಕ್ಯಾಮೆರಾ ಮುಂದೆ ನಿಂತು, ಮೊಟ್ಟೆ ಬೇಕೇ ಬೇಕು, ತಡೆದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಗದರಿಸಿದಳು. ಇಡೀ ರಾಜ್ಯ ನೋಡಿತು. ಥ್ಯಾಂಕ್ಸ್ ಇಲ್ಲ, ಕೈಮುಗಿಯೋದಿಲ್ಲ. ನಂಗೆ ಆ ಹುಡುಗಿ ಭಾರಿ ಇಷ್ಟ.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿಸಿದ್ದರಿಂದ ಆ ಮೊಟ್ಟೆ ವಾರಕ್ಕೆ ಆರು ದಿನ ಆಯಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊದಲು ಚಿಕ್ಕಿಯೂ ಇತ್ತು, 2025ರಲ್ಲಿ ಅದನ್ನು ನಿಲ್ಲಿಸಿದರು. ಬಿಸಿಯೂಟದ ಅಕ್ಕ ಮೊಟ್ಟೆ ಬೇಯಿಸಿ, ಸುಲಿದು ತಟ್ಟೆಗೆ ಹಾಕುತ್ತಾರೆ. ಮಗುವಿಗೆ ಅದು ಸ್ಕೂಲಿನ ಮೊಟ್ಟೆ. ಯಾರ ದುಡ್ಡು ಅಂತ ಅದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೊರತೆ ಇಲ್ಲ ಅಂತಲ್ಲ. ಒಂದು ಮೊಟ್ಟೆಗೆ 2024ರಲ್ಲಿ ಕೊಡುತ್ತಿದ್ದುದು 6 ರೂಪಾಯಿ, ಗ್ಯಾಸು, ಸಾಗಾಟ, ಸುಲಿಯೋ ಕೂಲಿ ಎಲ್ಲ ಅದರಲ್ಲೇ. ಮೊಟ್ಟೆ ರೇಟು ಏರಿದಾಗ ಮೇಷ್ಟ್ರುಗಳೇ ಕೈಯಿಂದ ಹಾಕಬೇಕಾಗಿ ಬಂದಿದೆ.

ನೀವು ಕೋಟಿ ಕೊಡೋರಲ್ಲ, ನಾನೂ ಅಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಹೀಗೆ ಮಾಡಿ. ಆ ಅನಾಥಾಶ್ರಮ ಬಾಲನ್ಯಾಯ ಕಾಯ್ದೆಯ ಕೆಳಗೆ ನೋಂದಣಿ ಆಗಿದೆಯಾ, ಮೊದಲು ವಿಚಾರಿಸಿ. ಆರೈಕೆಯಲ್ಲಿರುವ ಮಕ್ಕಳ ಗುರುತು ಬಯಲಾಗುವ ಹಾಗೆ ಫೋಟೋ ಹಾಕೋದನ್ನು ಅದೇ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತೆ, ಆದ್ದರಿಂದ ಸ್ಟೇಟಸ್ ವಿಚಾರ ಮರೆತುಬಿಡಿ. ಅಮೆರಿಕ, ಲಂಡನ್ ಕಡೆಯಿಂದ ಕೇಳ್ತಿರೋರಿಗೆ ಒಂದು ಮಾತು: ನಿಮ್ಮದು ಭಾರತದ ಪಾಸ್‌ಪೋರ್ಟ್ ಆದರೆ ಬ್ಯಾಂಕ್ ಮೂಲಕ ಕಳಿಸಿದ ದುಡ್ಡು ವಿದೇಶಿ ದೇಣಿಗೆ ಆಗಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಓಸಿಐ ಕಾರ್ಡ್ ಇದ್ದರೂ, ಆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ಅನುಮತಿ ಬೇಕು.

ಇದೆಲ್ಲ ಸರಿ ಇದ್ದರೆ ಫೋನ್ ಮಾಡಿ, ಈ ತಿಂಗಳು ಯಾವ ಬಿಲ್ ಬಾಕಿ ಇದೆ ಅಂತ ಕೇಳಿ. ಅಡುಗೆಯವರ ಸಂಬಳ ಅಂದರೆ ಸಂಬಳ, ಕರೆಂಟ್ ಅಂದರೆ ಕರೆಂಟ್. ಕಟ್ಟಿ, ರಸೀದಿ ತಗೊಳ್ಳಿ. ಸಂಸ್ಥೆಗೆ ದೇಣಿಗೆ ಮೇಲೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (80ಜಿ ಅಂತ ಕರೆಯುತ್ತಿದ್ದದ್ದು) ಇದ್ದು, ನೀವು ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟೋರಾದರೆ ಅಲ್ಲೂ ಸ್ವಲ್ಪ ಉಳಿಯುತ್ತೆ. ಕೇಕ್ ಮನೆಯಲ್ಲೇ ಕಟ್ ಮಾಡಿ.